ಟಾವೆಲ್ ಮುಚ್ಚಿ ಆರಿಸಿದ ಫೋನು

ಆಫೀಸಿಗೆ ಹೊಸ ಫೋನು ಆರಿಸಲು ಹನ್ನೊಂದು ಅಂಕಣಗಳ ಆ ಪಟ್ಟಿಯನ್ನು ಬರೆದವನು ನಾನೇ. ಮೂರು ದಿನ ಕೂತು, ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದೆ. ಬೆಲೆ, ರಿಪೇರಿ, ಎಷ್ಟು ಲೈನು, ಎಷ್ಟು ಎಕ್ಸ್‌ಟೆನ್ಶನ್, ನೋಡಲು ಹೇಗಿದೆ, ಕಲಿಯಲು ಎಷ್ಟು ದಿನ, ಹೀಗೆ. ಕಂಡವರೆಲ್ಲ ‘ಮಾಲತೇಶಣ್ಣಾರ ಕೆಲಸ ಅಂದ್ರ ಕೆಲಸ’ ಎಂದರು, ನಾನೂ ಹೌದೆಂದು ನಂಬಿದೆ. ಹೊಗಳಿದರೆ ಉಬ್ಬುವುದು, ತೆಗಳಿದರೆ ಉರಿಯುವುದು ನನ್ನ ಜಾಯಮಾನ. ಆ ಪಟ್ಟಿಯಲ್ಲಿ ಬಿಟ್ಟುಹೋದದ್ದು ಒಂದೇ ಸಂಗತಿ: ಆ ಫೋನಿನ ಮುಂದೆ ದಿನಕ್ಕೆ ಎಂಟು ತಾಸು ಕೂಡ್ರುವವರು ಯಾರು ಎಂಬುದು.

ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ನಮ್ಮದು ಹತ್ತಿ ವ್ಯಾಪಾರದ ಪೇಢಿ. ಐವತ್ತು ವರ್ಷ ಹುಬ್ಬಳ್ಳಿಯ ಕಾಟನ್ ಮಾರ್ಕೆಟ್ಟಿನ ಹಳೆಯ ಕಟ್ಟಡದಲ್ಲಿದ್ದದ್ದು ಈಗ ರಾಯಾಪುರದ, ಹತ್ತಿಯಿಂದ ಕಾಳು ಬಿಡಿಸುವ ನಮ್ಮದೇ ಜಿನ್ನಿಂಗ್ ಫ್ಯಾಕ್ಟರಿಯ ಆವರಣಕ್ಕೆ ಹೋಗುವುದೆಂದು ನಿರ್ಧಾರವಾಗಿತ್ತು. ಪೇಢಿ ಕಟ್ಟಿದವರು ಗುರುಶಿದ್ದಪ್ಪ ಸಾವ್ಕಾರರು, ವಯಸ್ಸು ಎಪ್ಪತ್ತೆಂಟು. ಈಗ ನಡೆಸುವವನು ಅವರ ಮಗ ಬಸವಪ್ರಭು. ನಾನು ಇಪ್ಪತ್ತಾರು ವರ್ಷದಿಂದ ಆಫೀಸ್ ಮ್ಯಾನೇಜರ್. ಹೊಸ ಕಟ್ಟಡಕ್ಕೆ ಹೊಸ ಫೋನ್ ವ್ಯವಸ್ಥೆ ಬೇಕಾಗಿತ್ತು. ಅದನ್ನು ಆರಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಹಳೆಯ ಫೋನ್ ಬೋರ್ಡಿನ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದವರು ರಾಜೇಶ್ವರಿ. ಸಾವ್ಕಾರರನ್ನು ಬಿಟ್ಟರೆ ಹಮಾಲರ ತನಕ ಎಲ್ಲರಿಗೂ ಅವರು ಅಕ್ಕಾರು. ಮೂರು ವರ್ಷದವರಿದ್ದಾಗ ಸಿಡುಬು ಬಂದು ಅವರ ಎರಡೂ ಕಣ್ಣು ಹೋದವು. ಕುರುಡರ ಶಾಲೆಯಲ್ಲಿ ಓದಿ, ಪಿಯುಸಿ ಪಾಸಾಗಿ, ಟೈಪಿಂಗೂ ಟೆಲಿಫೋನ್ ಆಪರೇಟರ್ ಟ್ರೇನಿಂಗೂ ಮುಗಿಸಿ ಬಂದವರು. ಅವರ ತಂದೆ ಇದೇ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲರಾಗಿದ್ದರು, ಸಾವ್ಕಾರರ ಓರಗೆಯವರು.

ಬೋರ್ಡಿನ ಇಪ್ಪತ್ನಾಲ್ಕು ಗುಂಡಿಗಳೂ ಒಂದೇ ನಮೂನೆ. ಅಕ್ಕಾರು ಅವುಗಳ ಮೇಲೆ ಅಂಟು ಹಚ್ಚಿ ಕಾಳು ಕೂಡಿಸಿದ್ದರು. ಸಾವ್ಕಾರರ ಗುಂಡಿಗೆ ಜೋಳ, ಲೆಕ್ಕದವರಿಗೆ ಹೆಸರುಕಾಳು, ಜಿನ್ನಿಂಗಿಗೆ ಹತ್ತಿಕಾಳು, ನನ್ನದಕ್ಕೆ ಕರಿಮೆಣಸು. ಯಾಕೆ ಮೆಣಸು ಎಂದು ಕೇಳಿದ್ದಕ್ಕೆ, “ಮುಟ್ಟಿದ ಕೂಡ್ಲೆ ಗೊತ್ತಾಗ್ಲಿ ಅಂತ್ರಿ, ಇಲ್ಲೆ ಖಾರ ಐತಿ ಅಂತ” ಎಂದಿದ್ದರು. ಆಫೀಸಿನಲ್ಲಿ ಆ ಮಾತು ಒಂದು ವರ್ಷ ಓಡಾಡಿತು. ನನಗೆ ಎರಡು ದಿನ ಸಿಟ್ಟಿತ್ತು, ಆಮೇಲೆ ನಾನೇ ಬಂದವರಿಗೆಲ್ಲ ಆ ಗುಂಡಿ ತೋರಿಸತೊಡಗಿದೆ.

ನಮ್ಮ ಕಡೆಯ ರೈತರು ಫೋನಿನಲ್ಲಿ ಹೆಸರು ಹೇಳುವುದಿಲ್ಲ. “ನಾನ್ರಿ” ಎನ್ನುತ್ತಾರೆ, ಅಷ್ಟೇ. ಹೆಸರು ಹೇಳಿಕೊಂಡರೆ ಪರಕೀಯರಾದಂತೆ ಎಂದು ಅವರ ಲೆಕ್ಕ. ಆ ಒಂದು “ನಾನ್ರಿ”ಯಲ್ಲಿ ಅಕ್ಕಾರು ಊರು, ಹೆಸರು, ಮನೆತನ ಎಲ್ಲ ಹಿಡಿಯುತ್ತಿದ್ದರು. ಒಮ್ಮೆ ನವಲಗುಂದದ ಒಬ್ಬ ಹಿರಿಯ ರೈತ ಬರೀ “ಹಲೋ” ಅಂದದ್ದೇ ತಡ, ಇವರು “ಯಾಕ್ರಿ ಕಾಕಾ, ನೆಗಡಿ ಆಗೇತೇನ್ರಿ? ಮಂಜಿನ್ಯಾಗ ಹೊಲಕ್ಕ ಹೋಗಬ್ಯಾಡ್ರಿ” ಎಂದದ್ದನ್ನು ನಾನೇ ಕೇಳಿದ್ದೇನೆ. ಆ ಮನುಷ್ಯ ಮುಂದೆ ಹತ್ತಿಯನ್ನು ಬೇರೆ ಅಂಗಡಿಗೆ ಹಾಕಲೇ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವರನ್ನು ಮರೆತೆ. ಮರೆತೆ ಅನ್ನುವುದೂ ಪೂರ್ತಿ ಸರಿಯಲ್ಲ. ಬಸವಪ್ರಭುವಿಗೆ ಒಂದು ವಿಚಾರ ಬಂದಿತ್ತು: ಹೊಸ ಆಫೀಸಿಗೆ ಕಂಪ್ಯೂಟರಿನ ಫೋನು, ಅದರ ಮುಂದೆ ಕಣ್ಣಿರುವ ಒಬ್ಬ ಹೊಸ ಹುಡುಗಿ, ಅಕ್ಕಾರಿಗೆ ಮನೆಯಲ್ಲಿ ಕೂತಲ್ಲೇ ಪಗಾರ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೂ ಅದು ದೊಡ್ಡ ಔದಾರ್ಯವಾಗಿಯೇ ಕಂಡಿತು. ಹೋಗಿ ಅಕ್ಕಾರಿಗೆ ಹೇಳಿದವನೂ ನಾನೇ.

“ಪಗಾರ ಎಲ್ಲಿಗೂ ಹೋಗೂದಿಲ್ರಿ ಅಕ್ಕಾರ. ಉಣಕಲ್‌ದಾಗ ಮನಿ ಐತಿ, ಆರಾಮ ಇರ್ರಿ.”

“ಕುಂತಲ್ಲೆ ಕಾಣಿಕಿ ತಗೊಳ್ಳಾಕ ನಾನೇನು ಮಠದ ಗದ್ದಿಗಿ ಮ್ಯಾಲಿನ ಅಜ್ಜಾರೇನ್ರಿ?” ಎಂದು ಅವರು ನಕ್ಕರು. ನಗುತ್ತಲೇ ಅವರ ಬೆರಳು ಬೋರ್ಡಿನ ಮೇಲೆ ಹತ್ತಿಕಾಳನ್ನು ಸವರುತ್ತಿತ್ತು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ಕೆಲಸ ಮಾಡಿ ಪಗಾರ ತಗೋತೇನಿ ಮಾಲತೇಶಣ್ಣಾರ. ಕೆಲಸ ಇಲ್ಲಂದ್ರ ಎರಡೂ ಬ್ಯಾಡ. ಮನ್ಯಾಗ ಕುಂತು ನಾ ಯಾರ ದನಿ ಕೇಳಲಿ?”

ಉತ್ತರ ಹೊಳೆಯದಿದ್ದಾಗ ನಾನು ಗಡಿಯಾರ ನೋಡುತ್ತೇನೆ. ಗಡಿಯಾರ ನೋಡಿ ಎದ್ದು ಬಂದೆ.

ಕಂಪನಿಗಳ ಡೀಲರುಗಳು ಬಂದು ಹೋದರು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಅವರು ಹೇಳಿದ ಬೆಲೆಗೆ ಬಸವಪ್ರಭು ಬೆಚ್ಚಿಬಿದ್ದ. ಆಗ ಧಾರವಾಡದ ಭುವನೇಶ್ವರಿ ಎಂಬ ಎಂಜಿನಿಯರ್ ಹೆಣ್ಣುಮಗಳು ಗೊತ್ತಾದಳು. ಮೂವತ್ತರ ಆಸುಪಾಸು, ಸ್ಕೂಟರಿನ ಮುಂದೆ ವೈರಿನ ಸುರುಳಿ ಇಟ್ಟುಕೊಂಡು ಊರೂರು ಆಫೀಸುಗಳ ಕಂಪ್ಯೂಟರ್ ಜೋಡಿಸುವವಳು. ಓಪನ್ ಸೋರ್ಸ್ ಎಂಬ ನಮೂನೆಯ ಸಾಫ್ಟ್‌ವೇರ್ ಇದೆ, ಅದು ಪುಕ್ಕಟೆ, ಯಾರು ಬೇಕಾದರೂ ಒಳಗೆ ಕೈ ಹಾಕಿ ತಿದ್ದಬಹುದು, ಸಾದಾ ಕಂಪ್ಯೂಟರನ್ನೇ ಅದು ಫೋನ್ ಎಕ್ಸ್‌ಚೇಂಜ್ ಮಾಡಿಬಿಡುತ್ತದೆ ಎಂದಳು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಯಾವುದರ ಮೇಲೆ ಏರಿಸುವುದು?

ಅವಳು ಎರಡು ಕಂಪ್ಯೂಟರ್ ತಂದು ಪಕ್ಕಪಕ್ಕ ಇಟ್ಟಳು. ಮೊದಲನೆಯದು ಸೀಡಿ ಹಾಕಿದರೆ ತಾನೇ ಕೂತುಕೊಳ್ಳುವ ಸಿದ್ಧ ಸರಕು. ಬಣ್ಣದ ಪರದೆ, ಎಲ್ಲರ ಹೆಸರಿನ ಮುಂದೆ ಒಂದೊಂದು ಹಸಿರು ಚುಕ್ಕೆ, ಮೌಸ್ ಒತ್ತಿದರೆ ಫೋನು ಹೋಗುತ್ತದೆ. ಎರಡನೆಯದು ಬೋಳು ಲಿನಕ್ಸ್, ಅಂದರೆ ಕಂಪ್ಯೂಟರ್ ನಡೆಸುವ ಬರೀ ತಳಪಾಯ. ಕರಿ ಪರದೆಯ ಮೇಲೆ ಬಿಳಿ ಅಕ್ಷರ, ಮೌಸೂ ಇಲ್ಲ, ಚಿತ್ರವೂ ಇಲ್ಲ. ನಾನು ಕೊಟ್ಟಿದ್ದ ಹೆಸರು ಮತ್ತು ನಂಬರಿನ ಪಟ್ಟಿಯನ್ನೇ ಎರಡಕ್ಕೂ ತುಂಬಿದ್ದಳು.

“ಎಂಜಿನ್ ಎರಡರಾಗೂ ಒಂದ ಐತ್ರಿ, ಗಾಡಿ ಬ್ಯಾರೆ” ಎಂದಳು ಭುವನೇಶ್ವರಿ. “ಇದು ಬಣ್ಣಾ ಹಚ್ಚಿದ್ದು, ಆದ್ರ ಬಾನೆಟ್ ಬಿಗದಾರ. ಅದು ಬಾನೆಟ್ ತಗದ ಇಟ್ಟದ್ದು. ನನ್ನ ಕೇಳಿದ್ರ ನಾ ಎರಡನೇದ್ದು ಹೇಳ್ತೇನ್ರಿ. ಏನರ ಕೆಟ್ರ ಎಲ್ಲಿ ಕೆಟ್ಟೈತಿ ಅಂತ ನಾವ ಓದಬಹುದು.”

ನಾನು ಆ ಕರಿ ಪರದೆಯನ್ನು ನೋಡಿದೆ. ಸಾಲೆಯಲ್ಲಿ ಯಾವುದರ ಮುಂದೆ ನಿಂತು ಮಾಸ್ತರರಿಂದ ಏಟು ತಿಂದಿದ್ದೆನೋ ಆ ಕರಿಹಲಗೆ ನೆನಪಾಯಿತು. ಬಸವಪ್ರಭುವಿನ ಮುಂದೆ ಜಾಣನಾಗುವ ಚಪಲವೂ ಇತ್ತು. “ಕಣ್ಣಿದ್ದಾವ್ರು ಯಾರರ ಇದನ್ನ ಆರಿಸ್ತಾರೇನ್ರಿ?” ಎಂದೆ. “ಇದನ್ನ ಕುರುಡರ ಆರಿಸಬೇಕು.”

ಎಲ್ಲರೂ ನಕ್ಕರು. ನಕ್ಕು, ಒಮ್ಮೆಲೇ ನಿಲ್ಲಿಸಿದರು. ಕೋಣೆಯ ಬಾಗಿಲು ತೆರೆದಿತ್ತು, ಅಕ್ಕಾರ ಬೋರ್ಡು ಬಾಗಿಲಿನಾಚೆ ನಾಲ್ಕು ಹೆಜ್ಜೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಫೋನು ಬಂತು, ಅವರು ಎಂದಿನ ದನಿಯಲ್ಲಿ “ಹಲೋ, ನಮಸ್ಕಾರ್ರಿ” ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಯೇ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ನನ್ನ ಸ್ವಭಾವದ ಹೊಲಸು ಗುಣ ಒಂದಿದೆ, ತಪ್ಪು ನನ್ನದಿದ್ದಾಗ ಸಿಟ್ಟು ಎದುರಿಗಿನವರ ಮೇಲೆ ಬರುತ್ತದೆ. ಬಾಗಿಲು ತೆರೆದಿಟ್ಟವರು ಯಾರು ಎಂದು ಸಿಪಾಯಿಯನ್ನು ಬೈದೆ. ಮೂರು ದಿನ ಬೋರ್ಡಿನ ಮುಂದೆ ಹಾಯದೆ ಹಿಂದಿನ ಬಾಗಿಲಿನಿಂದ ಓಡಾಡಿದೆ.

ನಾಲ್ಕನೆಯ ದಿನ ಭುವನೇಶ್ವರಿ ವೈರು ಎಳೆಯುತ್ತ ಬೋರ್ಡಿನ ಹತ್ತಿರ ಕೂತಿದ್ದಳು. ನಾನು ಕಪಾಟಿನ ಹಿಂದೆ ಫೈಲು ಹುಡುಕುತ್ತಿದ್ದೆ. ಅಕ್ಕಾರು ಅವಳನ್ನು ಕೇಳಿದ್ದು ಕಿವಿಗೆ ಬಿತ್ತು.

“ಆ ಕರಿ ಪರದಿ ಮ್ಯಾಲೆ ಬರೇ ಅಕ್ಷರ ಅಷ್ಟ ಇರ್ತಾವಂತಲ್ಲ, ಖರೇ ಏನ್ರಿ?”

“ಹೌದ್ರಿ ಅಕ್ಕಾರ.”

“ಚಿತ್ರ ಓದಾಕ ಬರೂದಿಲ್ಲ. ಅಕ್ಷರ ಆದ್ರ ಯಾರರ ಓದಿ ಹೇಳಬಹುದು. ಹಂಗ ಓದಿ ಹೇಳೂದು ಯಂತ್ರದಾಗ ಏನರ ಐತೇನ್ರಿ?”

ಭುವನೇಶ್ವರಿಯ ಕೈ ನಿಂತಿತು. “ಐತ್ರಿ” ಎಂದಳು ಆಮೇಲೆ. “ಅದೂ ಪುಕ್ಕಟೆ ಐತಿ. ಹದಿನೈದು ದಿನದಿಂದ ನಿಮ್ಮ ಮುಂದ ಓಡಾಡಾಕತ್ತೇನಿ, ನನಗ ಹೊಳಿಲೇ ಇಲ್ಲ ನೋಡ್ರಿ. ಇಂಗ್ಲೀಷಿನ್ಯಾಗ ಓದ್ತೈತಿ. ದನಿ ಮಾತ್ರ ತಗಡಿನ ಡಬ್ಬಿ ಬಡದಂಗ ಐತಿ.”

“ಕಾಟನ್ ಮಾರ್ಕೆಟ್ಟಿನ್ಯಾಗ ಇಪ್ಪತ್ತೆರಡು ವರ್ಷ ತಗದೇನಿ ತಂಗಿ. ಅದಕ್ಕಿಂತ ಕೆಟ್ಟ ದನಿ ಕೇಳೇನಿ. ಹಚ್ಚಿ ನೋಡು.”

ಅಂದಿನಿಂದ ಊಟದ ಬಿಡುವಿನಲ್ಲಿ ಅವರಿಬ್ಬರೂ ಹಿಂದಿನ ಕೋಣೆಯಲ್ಲಿ ಸೇರಿದರು. ಅಕ್ಕಾರು ಬುತ್ತಿ ಬಿಚ್ಚಿ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಕೀಬೋರ್ಡಿನ ಮೇಲಿಟ್ಟು ಕೂಡ್ರುವರು. ಯಂತ್ರ ಸಾಲು ಸಾಲಾಗಿ ಓದುವುದು. ನಮ್ಮ ಹೆಸರುಗಳು ಅದರ ಬಾಯಿಗೆ ಸಿಕ್ಕು ಹಿಟ್ಟಾದವು. ಸಾವ್ಕಾರರು ‘ಗರೂ ಸಿಡಾಪಾ’ ಆದರು, ನಾನು ‘ಮ್ಯಾಲ್‌ಟೆಶ್’ ಆದೆ. ಅಕ್ಕಾರು ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕದ್ದು ನನ್ನ ಕೋಣೆಯವರೆಗೆ ಕೇಳಿಸಿತು.

ನಾನು ಸುಮ್ಮನೆ ಹಾದುಹೋಗುವವನ ಹಾಗೆ ಎರಡು ಮೂರು ಸಲ ಆ ಕಡೆ ಹಾದೆ. ಒಪ್ಪಿಕೊಳ್ಳುತ್ತೇನೆ, ಮೊದಮೊದಲು ಅದು ಆಟವೆಂದೇ ಅಂದುಕೊಂಡಿದ್ದೆ. ಆದರೆ ಆ ತಗಡಿನ ದನಿಯ ವೇಗ ದಿನದಿನಕ್ಕೆ ಏರುತ್ತಿತ್ತು. ಹತ್ತನೆಯ ದಿನಕ್ಕೆ ಅದು ಏನು ಹೇಳುತ್ತಿದೆ ಎಂದು ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಅಕ್ಕಾರು ಮಾತ್ರ ತಲೆಯಾಡಿಸುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಐದು ಸಲ ಇಡೀ ವ್ಯವಸ್ಥೆಯನ್ನು ಕೆಡಿಸಿದರಂತೆ. “ಅಕ್ಕಾರ, ಮತ್ತ ಕೆಡಿಸಿದ್ರಿ” ಎಂದು ಭುವನೇಶ್ವರಿ ಅಂದರೆ, “ಕೆಡಿಸದ ಕಲಿಯೂದು ಹೆಂಗ? ನಿನ್ನ ಮೊದಲನೇ ರೊಟ್ಟಿ ದುಂಡಗ ಬಂದಿತ್ತೇನು?” ಎಂದು ಇವರ ಉತ್ತರ. ಐದೂ ಸಲ ತಾವೇ ಹುಡುಕಿ ಸರಿಪಡಿಸಿದರು. ಅವರ ನಲವತ್ನಾಲ್ಕರ ವಯಸ್ಸಿನಲ್ಲಿ ನಾನಾಗಿದ್ದರೆ ಎರಡನೆಯ ಸಲಕ್ಕೇ ಕೀಬೋರ್ಡನ್ನು ಗೋಡೆಗೆ ಎಸೆಯುತ್ತಿದ್ದೆ.

ನಿರ್ಧಾರದ ದಿನ ಸಾವ್ಕಾರರು ಮನೆಯಿಂದ ತಾವೇ ಬಂದರು. ಬಿಳಿ ಧೋತರ, ಹೆಗಲಿಗೆ ಟಾವೆಲ್. ಭುವನೇಶ್ವರಿ ಎರಡೂ ಕಂಪ್ಯೂಟರನ್ನು ಹೊಸ ಆಫೀಸಿನ ಕೋಣೆಯಲ್ಲಿ ಜೋಡಿಸಿ, ಆವರಣದ ಫೋನುಗಳಿಗೆಲ್ಲ ವೈರು ಎಳೆದಿದ್ದಳು. ಒಮ್ಮೆಗೆ ಒಂದೇ ಕಂಪ್ಯೂಟರಿಗೆ ಆ ವೈರು ಸಿಕ್ಕಿಸಬಹುದಿತ್ತು. ನಾನು ಎದ್ದು ನಿಂತು ನನ್ನ ಪಟ್ಟಿ ಓದಿದೆ. ಹನ್ನೊಂದು ಅಂಕಣ, ಅದರಲ್ಲಿ ಒಂಬತ್ತು ಬಣ್ಣದ ಪರದೆಗೆ, ಎರಡು ಕರಿ ಪರದೆಗೆ. ಬಸವಪ್ರಭು ತಲೆಯಾಡಿಸಿದ. ಕೆಲಸ ಮುಗಿದಂತೆಯೇ ಇತ್ತು.

“ಸಾವ್ಕಾರ್ರ, ಒಂದು ಮಾತು ಹೇಳಲೇನ್ರಿ?”

ಬಾಗಿಲಲ್ಲಿ ಅಕ್ಕಾರು ನಿಂತಿದ್ದರು. ಅವರನ್ನು ನಾವು ಕರೆದಿರಲಿಲ್ಲ. ಹಳೆಯ ಆಫೀಸಿನಿಂದ ಎರಡು ಬಸ್ಸು ಬದಲಿಸಿ ತಾವೇ ಬಂದಿದ್ದರು.

“ಹೇಳವ್ವಾ” ಎಂದರು ಸಾವ್ಕಾರರು.

“ನಮ್ಮಪ್ಪ ನಿಮ್ಮ ಕೈಯಾಗ ಕೈ ಕೊಟ್ಟು ಹತ್ತಿ ದರಾ ಹೇಳಾಂವ. ಮ್ಯಾಲೆ ಟಾವೆಲ್ ಇರ್ತಿತ್ತು. ಈ ಎರಡು ಯಂತ್ರನೂ ಒಮ್ಮೆ ಹಂಗ ನೋಡ್ರಿ. ಟಾವೆಲ್ ಮುಚ್ಚಿ.”

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ನಮ್ಮ ಮಾರ್ಕೆಟ್ಟಿನಲ್ಲಿ ದರ ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲನೂ ಎದುರುಬದುರು ಕೂತು, ಕೈಮೇಲೆ ಟಾವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ವ್ಯವಹಾರ ಮಾಡುತ್ತಿದ್ದರು. ಸುತ್ತ ನೂರು ಜನ ನಿಂತಿದ್ದರೂ ದರ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಸಾವ್ಕಾರರು ಅದರಲ್ಲೇ ಬೆಳೆದವರು.

ಅವರ ಮುಖದಲ್ಲಿ ನಗು ಹರಡಿತು. “ನಿಮ್ಮಪ್ಪ ಒಮ್ಮೆ ನನ್ನ ಕಿರಿಬಟ್ಟು ಹಿಡದು ಮೂರು ತಾಸು ಕುಂತಿದ್ದ. ಬಿಡಲಿಲ್ಲ ಮಗಾ” ಎಂದರು. ಟಾವೆಲ್ ತೆಗೆದು ಬಣ್ಣದ ಪರದೆಯ ಮೇಲೆ ಹೊದಿಸಿದರು. “ಬಸವಪ್ರಭು, ಜಿನ್ನಿಂಗಿಗೆ ಫೋನ್ ಹಚ್ಚು.”

“ಅಪ್ಪಾಜಿ, ಪರದಿ ಮುಚ್ಚಿದ್ರ ಮೌಸ್ ಎಲ್ಲಿ ಐತಿ ಅಂತ ಹೆಂಗ ಗೊತ್ತಾಗಬೇಕ್ರಿ?”

“ಹಂಗಾದ್ರ ತಗದ ಹಚ್ಚು. ಅನ್ಯಾಯ ಬ್ಯಾಡ.”

ಬಸವಪ್ರಭು ಟಾವೆಲ್ ತೆಗೆದು ಜಿನ್ನಿಂಗ್ ಎಂದಿದ್ದ ಹಸಿರು ಚುಕ್ಕೆಯ ಮೇಲೆ ಒತ್ತಿದ. ಗಂಟೆ ಹೋಯಿತು. ಸ್ಪೀಕರಿನಲ್ಲಿ ಹೆಂಗಸಿನ ದನಿ ಬಂತು. “ಚಾ ಎಷ್ಟ ಕಳಸಲ್ರಿ?”

ಅದು ಕ್ಯಾಂಟೀನಿನ ಮಾಳವ್ವ. ಬಸವಪ್ರಭು ಇನ್ನೊಮ್ಮೆ ಒತ್ತಿದ, ಮತ್ತೆ ಮಾಳವ್ವ. ಮೂರನೆಯ ಸಲ ಅವಳು “ಎಷ್ಟ ಅಂತ ಹೇಳ್ರಲ್ಲ, ನೀರು ಕುದಿಯಾಕತ್ತೇತಿ” ಎಂದು ಗದರಿದಳು. ಬಸವಪ್ರಭು ಮೌಸ್ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪರದೆಯ ಮೇಲೆ ಎಲ್ಲ ಹೆಸರಿನ ಮುಂದೆಯೂ ಹಸಿರು ಚುಕ್ಕೆ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಭುವನೇಶ್ವರಿ ನಾಲ್ಕಾರು ಪುಟ ತೆರೆದು ಮುಚ್ಚಿ, “ತಪ್ಪು ಎಲ್ಲೈತಿ ಅಂತ ಇದು ಹೇಳವಲ್ದು. ಹುಡುಕಾಕ ತಾಸು ಬೇಕ್ರಿ” ಎಂದಳು.

“ಇನ್ನೊಂದು ನೋಡೂಣು” ಎಂದರು ಸಾವ್ಕಾರರು. ಭುವನೇಶ್ವರಿ ವೈರನ್ನು ಆ ಕಂಪ್ಯೂಟರಿಗೆ ಬದಲಿಸಿದಳು. ಕರಿ ಪರದೆಯ ಮೇಲೆ ಟಾವೆಲ್ ಬಿತ್ತು.

ಅಕ್ಕಾರು ಕುರ್ಚಿಯನ್ನು ಮುಟ್ಟಿ ನೋಡಿ ಕೂತರು. ಒಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಇನ್ನೊಂದು ಕಿವಿಯನ್ನು ನಮಗೆ ಬಿಟ್ಟರು. ಲೆಕ್ಕದವರಿಗೆ ಹಚ್ಚಿದರು, ಹೋಯಿತು. ಗೇಟಿಗೆ ಹಚ್ಚಿದರು, ಹೋಯಿತು. ಜಿನ್ನಿಂಗಿಗೆ ಹಚ್ಚಿದರು.

“ಚಾ ಎಷ್ಟ ಕಳಸಲ್ರಿ?”

ಆ ಗಳಿಗೆಯಲ್ಲಿ ನನಗೆ ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಳಗೊಳಗೇ ಸಮಾಧಾನವಾಯಿತು. ಅವರು ಸೋತರೆ ಅಂದು ನಾನು ಆಡಿದ ಮಾತೂ ಅಷ್ಟು ದೊಡ್ಡದಾಗಿ ಉಳಿಯುವುದಿಲ್ಲ ಎಂದು ಯಾವುದೋ ಹಾಳು ಲೆಕ್ಕ.

ಅಕ್ಕಾರು ಗಾಬರಿಯಾಗಲಿಲ್ಲ. “ಮಾಳವ್ವ, ಎಂಟು ಚಾ ಕಳಸು. ನಿನಗ ತ್ರಾಸ ಕೊಟ್ಟೀವಿ” ಎಂದು ಫೋನಿಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, “ಒಂದೀಟು ಸುಮ್ಮನ ಇರ್ರಿ” ಎಂದರು. ಸಾವ್ಕಾರರಿಗೂ ಸೇರಿಸಿಯೇ ಹೇಳಿದ್ದು. ಬೆರಳುಗಳು ಓಡತೊಡಗಿದವು. ಹೆಡ್‌ಫೋನಿನಿಂದ ತಗಡಿನ ದನಿ ಸಣ್ಣಗೆ ಸೋರುತ್ತಿತ್ತು. ಅವರು ತಲೆಯನ್ನು ತುಸು ವಾರೆ ಮಾಡಿ, ನವಲಗುಂದದ ನೆಗಡಿಯನ್ನು ಹಿಡಿದ ಅದೇ ಕಿವಿಯಿಂದ, ಒಂದೊಂದೇ ಸಾಲು ಕೇಳುತ್ತ ಕೆಳಗಿಳಿದರು. ಒಂದು ಕಡೆ ನಿಂತರು. ಮೇಲೆ ಹೋಗಿ ಮತ್ತೆ ಬಂದರು. ಪರದೆ ಟಾವೆಲ್ಲಿನ ಕೆಳಗೆ ಇತ್ತು, ಕಣ್ಣಿದ್ದ ನಾವೆಲ್ಲ ಏನೂ ಕಾಣದೆ ಕೂತಿದ್ದೆವು.

“ಮಾಲತೇಶಣ್ಣಾರ” ಎಂದರು. ಹತ್ತೊಂಬತ್ತು ದಿನಗಳ ನಂತರ ಅವರು ನನ್ನ ಹೆಸರು ಹಿಡಿದು ಕರೆದದ್ದು. “ನೀವು ಕೊಟ್ಟ ಪಟ್ಟ್ಯಾಗ ಜಿನ್ನಿಂಗಿಗೂ ಎರಡು ನೂರಾ ಹದಿನಾಲ್ಕು, ಕ್ಯಾಂಟೀನಿಗೂ ಎರಡು ನೂರಾ ಹದಿನಾಲ್ಕು ಐತ್ರಿ. 
ಎರಡು ಮನಿಗೆ ಒಂದ ಬೀಗ ಹಾಕಿದಂಗ ಆಗೇತಿ. ಕ್ಯಾಂಟೀನಿಗೆ ಯಾವದು ಕೊಡಲಿ?”

ನಾನು ನನ್ನ ಪಟ್ಟಿ ತಿರುವಿ, ಅದರ ಬೆನ್ನಿಗೆ ಪಿನ್ನು ಹಚ್ಚಿದ್ದ ನಂಬರಿನ ಕಾಗದ ನೋಡಿದೆ. ಅದೂ ಸ್ಕೇಲಿಟ್ಟು ಗೆರೆ ಎಳೆದ ಕಾಗದವೇ. ಎರಡು ಕಡೆಯೂ ನನ್ನದೇ ಮುತ್ತಿನಂಥ ಅಕ್ಷರದಲ್ಲಿ ಅದೇ ನಂಬರು. “ಎರಡು ನೂರಾ ಮೂವತ್ತು ಕೊಡ್ರಿ” ಎಂದೆ. ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ.

ಅವರು ತಿದ್ದಿದರು, ಒಂದು ಸಲ ಎಂಟರ್ ಒತ್ತಿ ಮತ್ತೆ ಹಚ್ಚಿದರು. ಸ್ಪೀಕರಿನಲ್ಲಿ ಯಂತ್ರಗಳ ಗದ್ದಲ ಕೇಳಿಸಿತು. ಅದರ ನಡುವೆ ಜಿನ್ನಿಂಗಿನ ಫೋರಮನ್ ಖಾದರಬಾಷಾನ ದನಿ ಬಂತು. “ಹಾಂ, ಯಾರು?”

“ನಾನ್ರಿ” ಎಂದರು ಅಕ್ಕಾರು.

“ಹೇಳ್ರಿ ಅಕ್ಕಾರ” ಎಂದ ಖಾದರಬಾಷಾ.

ಸಾವ್ಕಾರರು ತೊಡೆ ತಟ್ಟಿ ನಕ್ಕರು. ಪರದೆಯ ಮೇಲಿನ ಟಾವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಮಗನ ಕಡೆ ನೋಡಿದರು. “ಬಾನೆಟ್ ತಗದ ಗಾಡಿನ ಇರಲಿ. ನಮ್ಮ ತಪ್ಪು ನಮಗ ಓದಾಕ ಬರಬೇಕು. ಏನಂತಿ?”

ಬಸವಪ್ರಭು ಒಳ್ಳೆಯ ಹುಡುಗ, ಹಟ ಹಿಡಿಯುವವನಲ್ಲ. “ಏನನ್ನೂದ್ರಿ ಅಪ್ಪಾಜಿ” ಎಂದ. ಅಕ್ಕಾರ ಕಡೆ ತಿರುಗಿ, “ಸೋಮವಾರದಿಂದ ಇಲ್ಲೇ ಬರ್ರಿ ಅಕ್ಕಾರ. ಫೋನ್ ಅಷ್ಟ ಅಲ್ಲ, ನಂಬರಿನ ಪಟ್ಟಿನೂ ಇನ್ನ ನಿಮ್ಮ ಕೈಯಾಗ. ನಾನು ನಿಮಗ ಮನ್ಯಾಗ ಕುಂಡ್ರಿ ಅಂದದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ” ಎಂದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನಾನು ಹೇಳಲಾರದೆ ಒದ್ದಾಡುತ್ತಿದ್ದ ಮಾತನ್ನು ಎಲ್ಲರ ಮುಂದೆ ನಿಂತು ಸಲೀಸಾಗಿ ಹೇಳಿಬಿಟ್ಟ. ಅಷ್ಟರಲ್ಲಿ ಮಾಳವ್ವ ಎಂಟು ಚಹಾ ತಂದಳು. ಅಕ್ಕಾರು ಲೆಕ್ಕ ಹಾಕಿದ್ದು ಸರಿಯಾಗಿತ್ತು. ಐದು ಉಸಿರು ಕೋಣೆಯೊಳಗಿದ್ದವು, ಮೂರು ಬಾಗಿಲಲ್ಲಿ ಇಣುಕುತ್ತಿದ್ದವು.

ನಾವು ರಾಯಾಪುರಕ್ಕೆ ಬಂದೆವು. ಇಲ್ಲಿಯೂ ಅಕ್ಕಾರು ಕೂಡ್ರುವ ಜಾಗ ನನ್ನ ಬಾಗಿಲಿನಿಂದ ನಾಲ್ಕೇ ಹೆಜ್ಜೆ. ಹೊಸ ಕೀಬೋರ್ಡಿನ ಮೇಲೆ ಕಾಳುಗಳ ಅಗತ್ಯವಿರಲಿಲ್ಲ. ಹಳೆಯ ಬೋರ್ಡು ಗೋದಾಮಿಗೆ ಹೋಯಿತು, ಅದರ ಜೊತೆ ನನ್ನ ಕರಿಮೆಣಸೂ ಹೋಯಿತು. ಯಾಕೋ ಬೇಜಾರಾಯಿತು.

ಅಕ್ಕಾರು ಆ ಯಂತ್ರವನ್ನು ಆಳಿದ ಪರಿ ನೋಡಿದವರಿಗೇ ಗೊತ್ತು. ಮೊದಲ ತಿಂಗಳಲ್ಲೇ, ಯಾವ ಊರಿನ ಫೋನು ಬಂದರೆ ಮೊದಲು ಯಾರಿಗೆ ಹೋಗಬೇಕು ಎಂದು ಸಾಲು ಸಾಲಾಗಿ ತಾವೇ ಬರೆದು ಕೂಡಿಸಿದರು. ಭುವನೇಶ್ವರಿ ತನ್ನ ಬೇರೆ ಗಿರಾಕಿಗಳಲ್ಲಿ ಏನಾದರೂ ಸಿಕ್ಕುಬಿದ್ದರೆ ಇವರಿಗೆ ಫೋನು ಮಾಡಿ ಕೇಳತೊಡಗಿದಳು. ಅವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿತ್ತು ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಇತ್ತು, ಸುಳ್ಳಲ್ಲ. ಆದರೆ ಬಾಗಿಲಿನಾಚೆ ನಾಲ್ಕು ಹೆಜ್ಜೆ ನಡೆದು ಹೋಗಿ ಒಂದು ಮಾತು ಹೇಳುವಷ್ಟು ಇರಲಿಲ್ಲ. ಅವರು ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ತಮಾಷೆ ಮಾತ್ರ ಮಾಡುತ್ತಿರಲಿಲ್ಲ. ಎರಡು ತಿಂಗಳಾದರೂ ಒಂದೇ ಒಂದು ತಮಾಷೆ ಇಲ್ಲ.

ಒಂದು ದಿನ ಮಧ್ಯಾಹ್ನ ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗುವ ಧೈರ್ಯ ಆಗಲೂ ಬರಲಿಲ್ಲ. ರಿಸೀವರ್ ಎತ್ತಿ ಸೊನ್ನೆ ಒತ್ತಿದೆ.

“ಹೇಳ್ರಿ ಮಾಲತೇಶಣ್ಣಾರ.”

“ಜಿನ್ನಿಂಗಿಗೆ ಕೊಡ್ರಿ. ಖಾದರಬಾಷಾನ ಕಡೆ ಮಾತಾಡೂದೈತಿ.”

“ಇವತ್ತ ಅಮಾಸಿ ಐತ್ರಿ. ಜಿನ್ನಿಂಗ್ ಬಂದ್.”

ಅಮಾವಾಸ್ಯೆಗೆ ಜಿನ್ನಿಂಗ್ ಬಂದ್ ಇರುವುದು ಇಪ್ಪತ್ತಾರು ವರ್ಷದಿಂದ ನನಗೆ ಗೊತ್ತಿದೆ. ನಾನು ರಿಸೀವರ್ ಇಡಲಿಲ್ಲ. ಅವರೂ ಇಡಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಆ ಕಡೆ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

“ಅಕ್ಕಾರ” ಎಂದೆ. “ಅವತ್ತ ಆ ಕೋಣ್ಯಾಗ ನಾ ಒಂದು ಮಾತು ಅಂದಿದ್ದೆ. ಅನಬಾರದಿತ್ರಿ. ನಂದು ತಪ್ಪಾತು.”

ಇಷ್ಟು ಹೇಳುವಷ್ಟರಲ್ಲಿ ಅಂಗಿಯ ಕಾಲರು ಒದ್ದೆಯಾಗಿತ್ತು. ಬಾಯಿ ಬಿಟ್ಟು ಇನ್ನೊಂದು ತಪ್ಪು ಮಾಡಿದೆನೇನೋ ಎಂದು ಹೆದರಿದೆ.

“ಲೈನ್ ಭಾಳ ಸ್ವಚ್ಛ ಐತ್ರಿ” ಎಂದರು ಅಕ್ಕಾರು ಕೊನೆಗೆ. “ಹಳೇ ಬೋರ್ಡಿನ್ಯಾಗ ಆಗಿದ್ರ ಗರಗರ ಅನ್ನೂದ್ರಾಗ ಅರ್ಧಾ ಹೋಗ್ತಿತ್ತು. ಇದ್ರಾಗ ಪೂರಾ ಕೇಳಿಸ್ತು.”

“ಕೇಳಿಸ್ತಲ್ರಿ?”

“ಕೇಳಿಸ್ತ್ರಿ. ಕರಿಮೆಣಸು ಇಟ್ಟು ಇಟ್ಟು ಮೆತ್ತಗಾಗೇತಿ ಅಂತ ಮಾಳವ್ವಗ ಹೇಳ್ತೇನಿ. ಒಂದ ಮಿನಿಟ್ ಇರ್ರಿ, ಹೊರಗಿಂದ ಫೋನ್ ಬಂದೈತಿ.”

ನಾನು ರಿಸೀವರ್ ಹಿಡಿದುಕೊಂಡೇ ಕೂತೆ. ಬಾಗಿಲು ತೆರೆದಿತ್ತು, ನಾಲ್ಕು ಹೆಜ್ಜೆಯಾಚೆಯಿಂದ ಅವರ ದನಿ ನೇರವಾಗಿ ಬರುತ್ತಿತ್ತು.

“ಹಲೋ, ನಮಸ್ಕಾರ್ರಿ ಕಾಕಾ. ಹೆಂಗದೀರಿ? ನೆಗಡಿ ಹೋತೇನ್ರಿ?”